ಪ್ರಾರ್ಥನೆಯ ವಿಷಯ

"ಈಗ ಮಗೂನ ಎತ್ಕೊಳ್ಳೋಕೆ ಮನಸ್ಸು ಬರ್ತಾ ಇದೆಯೇನಮ್ಮಾ?" ಎಂದು ನರ್ಸಮ್ಮ ಟೈಲರಕ್ಕನ ತಂಗಿಯ ಗಲ್ಲ ಸವರಿ ಕೇಳಿದಾಗ, ಅಕ್ಕ ಪಕ್ಕದಲ್ಲೇ ಕೂತು ಮಗುವಿನ ಬಿಳಿ ಅಂಗಿಗೆ ಗುಂಡಿ ಹಾಕುತ್ತಿದ್ದಳು. "ನಾವು ಕೂಟದ ಹನ್ನೊಂದು ಜನಾನೂ ದಿನಾ ನಿನಗೋಸ್ಕರ ಪ್ರಾರ್ಥನೆ ಮಾಡ್ತಾ ಇದ್ದೀವಿ. ಯೋಚನೆ ಮಾಡಬೇಡ."

ಚರ್ಚಿನ ಎರಡನೇ ಬೆಂಚು. ಆರಾಧನೆಗೆ ಇನ್ನು ಐದು ನಿಮಿಷ. ತಂಗಿ ಮೆಲ್ಲಗೆ ಕತ್ತು ತಿರುಗಿಸಿ ಅಕ್ಕನನ್ನು ನೋಡಿದಳು, ಅಷ್ಟೇ. ಟೈಲರಕ್ಕನ ಕೈಯಲ್ಲಿ ಗುಂಡಿ ಕಾಜಕ್ಕೆ ಸಿಗದೆ ಜಾರಿತು. ಆ ಕಾಜ ಹೊಲಿದವಳು ಅವಳೇ.

ಮೂರು ವಾರದ ಹಿಂದೆ ತಂಗಿ ಅವಳ ಹೊಲಿಗೆ ಕೋಣೆಗೆ ಬಂದು, ಬಾಗಿಲು ಹಾಕಿಕೊಂಡು, ಚೂರು ಬಟ್ಟೆಗಳ ರಾಶಿಯ ಪಕ್ಕದಲ್ಲಿ ಕುಸಿದಿದ್ದಳು. "ಅಕ್ಕಾ, ಅದು ಅತ್ತರೆ ನನಗೇನೂ ಅನ್ಸಲ್ಲ. ಪಕ್ಕದ ಮನೆ ಮಗು ಅತ್ತ ಹಾಗಿರುತ್ತೆ. ಎತ್ಕೊಳ್ಳೋದೇ ಬೇಡ ಅನ್ಸುತ್ತೆ. ನಾನೆಂಥ ತಾಯಿ? ನನ್ನ ಗಂಡನಿಗೂ ಹೇಳಿಲ್ಲ. ನಿನಗೊಬ್ಬಳಿಗೇ."

ಆ ದಿನ ಟೈಲರಕ್ಕ ಮಾಡಿದ್ದೆಲ್ಲ ಸರಿಯೇ. ತಂಗಿಯನ್ನು ತಬ್ಬಿಕೊಂಡಳು, ಮಾರನೆಯ ದಿನವೇ ಡಾಕ್ಟರ ಹತ್ತಿರ ಕರೆದೊಯ್ದಳು, ಔಷಧಿ ಶುರುವಾಯಿತು. ಊರವರ ಬಟ್ಟೆಯನ್ನೆಲ್ಲ ಹೊಲಿಯುವವಳು ತನ್ನ ಬಾಯಿಯೊಂದನ್ನು ಹೊಲಿದುಕೊಂಡಿದ್ದರೆ ಸಾಕಿತ್ತು.

ಆದರೆ ಬುಧವಾರ ಬಂತಲ್ಲ. ಬುಧವಾರದ ಪ್ರಾರ್ಥನಾಕೂಟದಲ್ಲಿ ಪ್ರತಿಯೊಬ್ಬಳೂ ಒಂದು ವಿಷಯ ಕೊಡಬೇಕು. ಒಬ್ಬಳು ಮಂಡಿನೋವು ಎಂದಳು, ಇನ್ನೊಬ್ಬಳು ಮಗಳ ಪರೀಕ್ಷೆ ಎಂದಳು. ಟೈಲರಕ್ಕನ ಸರದಿ ಬಂದಾಗ ಎಲ್ಲರೂ ಮುಂದಕ್ಕೆ ಬಾಗಿದರು. ಅವಳ ವಿಷಯಗಳಿಗೆ ಯಾವತ್ತೂ ತೂಕ ಜಾಸ್ತಿ. ಆ ತೂಕ ಅವಳಿಗೂ ಇಷ್ಟ, ಸುಳ್ಳೇಕೆ ಹೇಳಬೇಕು. "ಹೆಸರು ಹೇಳಲ್ಲ, ನನ್ನ ಒಡಹುಟ್ಟಿದವಳು," ಎಂದು ಶುರು ಮಾಡಿದಳು. ಅವಳಿಗಿರುವುದೇ ಒಬ್ಬ ತಂಗಿ! ಹೇಳುತ್ತಾ ಹೇಳುತ್ತಾ ಅಳುವೂ ಬಂತು. ಬೀದಿಯಲ್ಲಿ ನಿಂತು ಹೇಳಿದರೆ ಮನೆಯ ಮಾತು ಹೊರಗೆ ಹಾಕಿದ ಹಾಗೆ, ಕಣ್ಣು ಮುಚ್ಚಿಕೊಂಡು ಹೇಳಿದರೆ ಪ್ರಾರ್ಥನೆ ಎಂದು ಅವಳು ನಂಬಿದ್ದಳು.

ಈ ಭಾನುವಾರ ಸಾಕ್ಷಿ ಹೇಳುವ ಸರದಿ ಬೇರೆ ಅವಳದೇ. ಯೇಸು ಕೊಡುವ ಸಮೃದ್ಧ ಜೀವದ ಬಗ್ಗೆ ಪಾಸ್ಟರು ತಿಂಗಳಿಂದ ಬೋಧಿಸುತ್ತಿದ್ದರು. ವಾರಕ್ಕೊಬ್ಬರು ಎದ್ದು, ತಮ್ಮ ಬದುಕಿನಲ್ಲಿ ಅದು ಹೇಗೆ ತುಂಬಿ ಬಂತೆಂದು ಹೇಳಬೇಕಿತ್ತು. ಆರಾಧನೆ ಶುರುವಾದ ಮೇಲೆ ಪಾಸ್ಟರು ಮೊದಲು ಮಗುವಿನ ತಲೆಯ ಮೇಲೆ ಕೈಯಿಟ್ಟು ಆಶೀರ್ವದಿಸಿದರು. ತಂಗಿ ಯಾರ ಮುಖವನ್ನೂ ನೋಡದೆ ಬಂದು ಕೂತಳು. ಆಮೇಲೆ ಟೈಲರಕ್ಕನನ್ನು ಕರೆದರು.

ನಾಲ್ಕು ಹಾಳೆ ಬರೆದುಕೊಂಡು ಬಂದಿದ್ದಳು. ಮೈಕಿನ ಮುಂದೆ ನಿಂತಾಗ ಒಂದಕ್ಷರವೂ ಕಾಣಲಿಲ್ಲ. ಇಲ್ಲೇ ತಪ್ಪೊಪ್ಪಿಕೊಂಡುಬಿಡೋಣವೇ ಎನಿಸಿತು. ಒಪ್ಪಿಕೊಳ್ಳಬೇಕಾದರೆ ಏನು ತಪ್ಪೆಂದು ಹೇಳಬೇಕು. ಹನ್ನೊಂದು ಜನರಿಗೆ ಗೊತ್ತಿದ್ದದ್ದು ಇನ್ನೂರು ಜನರಿಗೆ ಗೊತ್ತಾಗುತ್ತದೆ. ಮೇಲಾಗಿ ತಾನು ಅತ್ತರೆ ಎಂಥ ದೀನ ಮನಸ್ಸು ಎಂದು ತನ್ನನ್ನೇ ಹೊಗಳುತ್ತಾರೆ. ಅವಳು ಹಾಳೆಗಳನ್ನು ಮಡಚಿದಳು.

"ನನ್ನ ಹತ್ರ ಸಾಕ್ಷಿ ಇಲ್ಲ. ಕ್ಷಮಿಸಿ."

ತಿರುಗಿ ಬರುವಷ್ಟರಲ್ಲಿ ಬೆಂಚಿನ ಮೇಲೆ ತಂಗಿ ಇರಲಿಲ್ಲ, ಮಗುವೂ ಇರಲಿಲ್ಲ.

ಬುಧವಾರ ಬೆಳಿಗ್ಗೆ ಅವಳೇ ತಂಗಿಯ ಮನೆಗೆ ಹೋದಳು. ತಂಗಿ ಬಾಗಿಲು ತೆಗೆದಳು, ಬಾ ಎನ್ನಲಿಲ್ಲ.

"ತಪ್ಪಾಯ್ತು ಕಣೇ."

"ಪ್ರಾರ್ಥನೆ ಮಾಡಬೇಕು ಅನ್ಸಿದ್ರೆ ನೀನೊಬ್ಬಳೇ ಮಾಡಬಹುದಿತ್ತಲ್ಲ ಅಕ್ಕಾ. ಹನ್ನೊಂದು ಜನ ಕೂಗಿದ್ರೇನೇ ದೇವರಿಗೆ ಕೇಳಿಸೋದಾ?"

ಟೈಲರಕ್ಕ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಬಚ್ಚಲಲ್ಲಿ ಮಗುವಿನ ಬಟ್ಟೆ ನೆನೆದಿತ್ತು. ಕೂತು ಒಗೆಯತೊಡಗಿದಳು. ಒಳಗೆ ಮಗು ಅಳುತ್ತಿತ್ತು; ಸ್ವಲ್ಪ ಹೊತ್ತಿಗೆ ಅಳು ನಿಂತಿತು. ಒದ್ದೆ ಕೈಯಲ್ಲೇ ಎದ್ದು ಇಣುಕಿದಳು. ತಂಗಿ ಕಿಟಕಿಯ ಹತ್ತಿರ ನಿಂತು ಮಗುವನ್ನು ಎದೆಗವಚಿಕೊಂಡು, ಅದರ ನೆತ್ತಿಗೆ ಕೆನ್ನೆ ಒತ್ತಿದ್ದಳು.

"ನೆನ್ನೆಯಿಂದ ನಾನಾಗೇ ಎತ್ಕೊಳ್ತಾ ಇದ್ದೀನಿ," ಎಂದಳು ತಂಗಿ. ಅಕ್ಕನ ಮುಖ ಅರಳಿದ್ದು ಕಂಡದ್ದೇ ತಡ, ಅವಳ ದನಿ ಗಟ್ಟಿಯಾಯಿತು. "ಇದನ್ನೂ ಹೇಳ್ತೀಯಾ?"

ಸಂಜೆ ಕೂಟದಲ್ಲಿ ನರ್ಸಮ್ಮನೇ ಶುರು ಮಾಡಿದರು. "ತಂಗಿ ಹೇಗಿದ್ದಾಳಮ್ಮಾ? ಪ್ರಾರ್ಥನೆಗೆ ಉತ್ತರ ಸಿಕ್ತಾ?"

ಎಲ್ಲರೂ ಮುಂದಕ್ಕೆ ಬಾಗಿದರು. ಅಷ್ಟು ದೊಡ್ಡ ಸಾಕ್ಷಿ ಟೈಲರಕ್ಕನ ಬಾಯಿಗೆ ಯಾವತ್ತೂ ಬಂದಿರಲಿಲ್ಲ.

"ಅವಳ ಮಾತು ನಾನು ಇಲ್ಲಿ ಎತ್ತಲೇಬಾರದಿತ್ತು. ದಯವಿಟ್ಟು ಅವಳನ್ನ ಯಾರೂ ಏನೂ ಕೇಳಬೇಡಿ," ಎಂದಳು. "ಈ ವಾರದ ನನ್ನ ವಿಷಯ, ನನ್ನ ನಾಲಿಗೆ."

ಮುಂದಿನ ಮಾತಿಗೆ ಅವರು ಕಾದರು. ಟೈಲರಕ್ಕ ತಲೆ ತಗ್ಗಿಸಿ, ಜೋಡಿಸಿದ ಕೈಗಳನ್ನು ಬಾಯಿಗೆ ಒತ್ತಿಕೊಂಡಳು. ಬೆರಳುಗಳಲ್ಲಿ ಮಗುವಿನ ಬಟ್ಟೆಯ ಸೋಪಿನ ವಾಸನೆ ಇನ್ನೂ ಇತ್ತು.