ಊರು ಬಿಟ್ಟವರ ಪಟ್ಟಿ

ವಿನೋಬನಗರದ ಸೂರಪ್ಪನಿಗೂ ಸೈಕಲ್ ರಿಪೇರಿ ಅಂಗಡಿಯ ಮಸ್ತಾನಸಾಬನಿಗೂ ರಾಜಕೀಯದಲ್ಲಿ ಒಂದು ದಿನವೂ ಹೊಂದಿಕೆಯಾದದ್ದಿಲ್ಲ. ಹತ್ತಿ ಮಿಲ್ಲಿನ ಒಂದೇ ಪಾಳಿಯಲ್ಲಿ ಹದಿನೆಂಟು ವರ್ಷ ದುಡಿದವರು. ಮಿಲ್ಲು ಮುಚ್ಚಿದ ಮೇಲೂ ಸಂಜೆಯ ಚಹಾ ಬಿಟ್ಟವರಲ್ಲ. ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ್ದು ಸರಿಯೋ ತಪ್ಪೋ, ಮೀಸಲಾತಿ ಯಾರಿಗೆ ಎಷ್ಟು, ಈ ದೇಶ ಯಾರದು ಎಂದು ಶುರುವಾದ ಜಗಳ ಚಹಾದಂಗಡಿಯವನು ಬೆಂಚು ಎತ್ತಿಡುವವರೆಗೂ ನಡೆಯುತ್ತಿತ್ತು. ಆದರೂ ಓಟು ಹಾಕಲು ಇಬ್ಬರೂ ಒಟ್ಟಿಗೇ ಹೋಗುತ್ತಿದ್ದರು. "ನನ್ನ ಓಟು ನಿನ್ನ ಓಟು ಒಳಗ ಬಡಿದಾಡಿಕೊಳ್ಳಲಿ, ನಾವು ಹೊರಗ ಮಂಡಕ್ಕಿ ತಿನ್ನಾಣ ಬಾ" ಎನ್ನುತ್ತಿದ್ದ ಮಸ್ತಾನಸಾಬ.

ಈ ಸಲವೂ ಬೆಳಿಗ್ಗೆ ಏಳಕ್ಕೇ ಹೋಗಿ ಶಾಲೆಯ ಮುಂದೆ ಸಾಲಿನಲ್ಲಿ ನಿಂತರು. ಸೂರಪ್ಪನ ಬೆರಳಿಗೆ ಶಾಯಿ ಬಿತ್ತು. ಮಸ್ತಾನಸಾಬನ ಸರದಿ ಬಂದಾಗ ಮೇಜಿನ ಹಿಂದಿದ್ದವರು ಪಟ್ಟಿಯನ್ನು ಎರಡು ಸಲ ಹುಡುಕಿದರು.

"ನಿಮ್ಮ ಹೆಸರು ತೆಗೆದಾರೆ, ಯಜಮಾನ್ರೆ. ಊರು ಬಿಟ್ಟಾರೆ ಅಂತ ಐತೆ ಇಲ್ಲಿ."

"ನಾನು ಇಲ್ಲೇ ನಿಂತೀನಲ್ರಿ ನಿಮ್ಮ ಮುಂದೆ!" ಎಂದು ಮಸ್ತಾನಸಾಬ ನಕ್ಕ. ಜೊತೆಗೆ ಯಾರೂ ನಗದಿದ್ದಾಗ ಅವನ ನಗು ಅಲ್ಲಿಗೇ ನಿಂತಿತು.

ಅವನಿಗಿಂತ ಹೆಚ್ಚು ಉರಿದೆದ್ದವನು ಸೂರಪ್ಪ. ಮಾರನೆಯ ದಿನ ಗೆಳೆಯನ ಕೈ ಹಿಡಿದುಕೊಂಡೇ ಓಟರ್ ಲಿಸ್ಟಿನ ಕಚೇರಿಗೆ ಹೋದ. "ನಲವತ್ತು ವರ್ಷದಿಂದ ಒಂದೇ ಓಣ್ಯಾಗೆ ಇರೋ ಮನುಷ್ಯನ ಹೆಸರು ಹೊಡೆದು ಹಾಕೀರಲ್ರೀ! ಊರು ಬಿಟ್ಟಾನೆ ಅಂತ ಬರ್ಕೊಟ್ಟವ ಯಾವನು? ತೋರ್ಸ್ರಿ ನೋಡಾಣ" ಎಂದು ಮೇಜು ಗುದ್ದಿದ.

ಅಲ್ಲಿದ್ದ ಶಾಂತಲಾ ಎಂಬ ಸಿಬ್ಬಂದಿ ಸಿಟ್ಟಾಗದೆ ಫೈಲು ತೆಗೆದಳು. ನಿಮ್ಮ ವಾರ್ಡಿನ ಮತದಾರರೊಬ್ಬರು ಅರ್ಜಿ ಕೊಟ್ಟಿದ್ದಾರೆ, ನೋಟಿಸು ಕಳಿಸಿದಾಗ ಮನೆಗೆ ಬೀಗ ಇತ್ತು ಎಂದಳು. ಹೌದು, ಆಗ ಮಸ್ತಾನಸಾಬ ಕಣ್ಣಿನ ಪೊರೆ ತೆಗೆಸಿಕೊಂಡು ಹರಿಹರದ ಮಗಳ ಮನೆಯಲ್ಲಿ ತಿಂಗಳೊಪ್ಪತ್ತು ಇದ್ದ. ಅವಳು ಫೈಲಿನ ದಾರ ಬಿಚ್ಚುತ್ತಿದ್ದಂತೆ ಸೂರಪ್ಪನಿಗೆ ಏನೋ ನೆನಪಾಯಿತು.

ಚಳಿಗಾಲದಲ್ಲಿ ಸೂರಪ್ಪನ ಪಾರ್ಟಿಯ ಬಕ್ಕೇಶ್ ಮನೆಗೆ ಬಂದಿದ್ದ. "ಸೂರಪ್ಪಣ್ಣ, ಪಟ್ಟಿ ಚೊಕ್ಕ ಮಾಡೋ ಕೆಲಸ. ದೇಶದ ಕೆಲಸ ಅಂತ ತಿಳೀರಿ. ಒಂದೀಟು ಸಹಿ ಹಾಕಿ ಕೊಡ್ರಿ" ಎಂದು ಹಾಳೆಗೊಂದು ಹೆಸರಿನಂತೆ ಮೂವತ್ತು ಹಾಳೆ ಮುಂದಿಟ್ಟಿದ್ದ. ಸೂರಪ್ಪ ಮೇಲಿನ ಹಾಳೆಯನ್ನಷ್ಟೇ ಓದಿದ್ದ. ಉಳಿದವನ್ನು ಮೂಲೆ ಎತ್ತಿ ಎತ್ತಿ ಸಹಿ ಮಾಡಿ ಕೊಟ್ಟಿದ್ದ.

ಶಾಂತಲಾ ಕಾಗದವನ್ನು ಮೇಜಿನ ಮೇಲಿಟ್ಟಳು. ಮಸ್ತಾನಸಾಬ ಬಗ್ಗಿ ನೋಡಿದ. ಆ ಸಹಿಯನ್ನು ಅವನಿಗೆ ಯಾರೂ ಓದಿ ಹೇಳಬೇಕಿರಲಿಲ್ಲ. ಮಿಲ್ಲಿನಲ್ಲಿ ಪಗಾರಕ್ಕೆ ಹೆಬ್ಬೆಟ್ಟು ಒತ್ತುತ್ತಿದ್ದ ಸೂರಪ್ಪನಿಗೆ ಊಟದ ಬಿಡುವಿನಲ್ಲಿ ಸೀಮೆಸುಣ್ಣ ಹಿಡಿಸಿ ಅಕ್ಷರ ತಿದ್ದಿಸಿದವನು ಅವನೇ.

ಸೂರಪ್ಪ, "ಮಸ್ತಾನಾ..." ಎಂದ.

"ಉಪಕಾರ ಆತಮ್ಮ" ಎಂದು ಮಸ್ತಾನಸಾಬ ಶಾಂತಲಾಳಿಗೆ ಕೈಮುಗಿದು ಹೊರಗೆ ನಡೆದ. ಅಂಗಡಿಗೆ ಹೋಗಲಿಲ್ಲ. ಮನೆಗೂ ಹೋಗಲಿಲ್ಲ. ಹರಿಹರದ ಬಸ್ಸು ಹತ್ತಿದ.

ನಾಲ್ಕು ದಿನ ಕಾದು, ಹೆಸರು ಮತ್ತೆ ಸೇರಿಸುವ ಅರ್ಜಿ ಹಿಡಿದುಕೊಂಡು ಸೂರಪ್ಪನೂ ಹರಿಹರಕ್ಕೆ ಹೋದ. ಬಾಗಿಲು ತೆರೆದ ಮಗಳು ಸುಮೈರಾ, "ಬರ್ರಿ ಚಾಚಾ, ಕೂಡ್ರಿ" ಎಂದಳು. ಹಿಂದೆಲ್ಲ ಅವನನ್ನು ಕಂಡರೆ ಅರಳುತ್ತಿದ್ದ ಮುಖ ಅದು. ಇವತ್ತು ನೀರು ತಂದಿಟ್ಟು ಒಳಗೆ ಹೋದಳು.

"ತಪ್ಪಾತೋ ಮಸ್ತಾನ. ನಿನ್ನ ಹೆಸರು ಐತೆ ಅಂತ ದೇವರಾಣೆ ಗೊತ್ತಿರ್ಲಿಲ್ಲ. ಗೊತ್ತಿದ್ರೆ ಕೈ ಕಡಕೊಳ್ತಿದ್ದೆ, ಸಹಿ ಹಾಕ್ತಿರ್ಲಿಲ್ಲ."

ಮಸ್ತಾನಸಾಬ ನೀರಿನ ಲೋಟವನ್ನು ಅವನತ್ತ ಸರಿಸಿದ. "ಒಂದ್ ಹಾಳೀನೂ ಓದ್ಲಿಲ್ವ?"

ಇಲ್ಲ ಎಂದುಬಿಡಬಹುದಿತ್ತು. "ಒಂದು ಓದಿದೆ. ಮೇಲಿಂದು."

"ಯಾರದಿತ್ತು?"

"ಹಿದಾಯತ್ ಅಂತ. ನನಗ ಗುರ್ತಿಲ್ಲ."

"ಗುರ್ತಿಲ್ಲ, ಆದ್ರೂ ಊರು ಬಿಟ್ಟಾನೆ ಅಂತ ಬರ್ಕೊಟ್ಟಿ. ಹೆಸರು ನೋಡಿದಿ, ಅಷ್ಟು ಸಾಕಾತು ನಿನಗ." ಮಸ್ತಾನಸಾಬನ ದನಿ ಏರಲಿಲ್ಲ. "ಚಾದಂಗಡ್ಯಾಗೆ ನೀನು ಏನೇನು ಅಂದ್ರೂ ನಕ್ಕಂತ ಕುಂತೆ ನಾನು. ಬರೇ ಬಾಯಿಮಾತು, ಮನಸಿನ್ಯಾಗ ಇಲ್ಲ ಅಂತ ತಿಳ್ಕೊಂಡಿದ್ದೆ. ನನ್ನೊಬ್ಬನ್ನ ಬಿಟ್ಟು ಉಳಿದೋರೆಲ್ಲ ನಿನಗ ಹಂಗೇ ಕಾಣ್ತಿದ್ರಲ್ಲೋ ಸೂರಪ್ಪ."

ಸೂರಪ್ಪ ಅರ್ಜಿಯನ್ನು ಮುಂದೆ ಚಾಚಿದ. "ಒಂದು ಸಹಿ ಹಾಕು. ನಾನೇ ಓಡಾಡಿ ಮಾಡಿಸ್ತೀನಿ. ಊರಿಗೆ ಬಾ."

"ಬ್ಯಾಡ. ಇಲ್ಲೇ ಹೆಸರು ಸೇರಿಸಾಕೆ ಅಳಿಯಗ ಹೇಳೀನಿ. ಅಂಗಡೀನೂ ಖಾಲಿ ಮಾಡ್ತೀನಿ. ನೀನು ಬರ್ಕೊಟ್ಟಿದ್ದು ಸುಳ್ಳು ಯಾಕಾಗಬೇಕು? ಊರು ಬಿಟ್ಟೆ ಅಂತ ತಿಳ್ಕೊ."

ವಾಪಸು ಬಂದ ಸೂರಪ್ಪ ಬಕ್ಕೇಶನ ಮನೆಗೆ ಹೋಗಿ ಇನ್ನು ನಿಮ್ಮ ಪಾರ್ಟಿಗೆ ಬರುವುದಿಲ್ಲ ಎಂದು ಹೇಳಿದ. ಬಕ್ಕೇಶ್ ಮೊಬೈಲಿನಿಂದ ತಲೆ ಎತ್ತಿ, "ಆತು ಬಿಡ್ರಿ ಅಣ್ಣ" ಎಂದ, ಅಷ್ಟೇ. ಆಮೇಲೆ ಸೂರಪ್ಪ ಕಚೇರಿಯಲ್ಲಿ ಕಾಡಿ ಬೇಡಿ ತಾನು ಸಹಿ ಹಾಕಿದ ಮೂವತ್ತೂ ಹೆಸರು ಬರೆಸಿಕೊಂಡು ಮನೆಮನೆ ಹುಡುಕಿದ. ಏಳು ಜನ ನಿಜಕ್ಕೂ ಊರು ಬಿಟ್ಟಿದ್ದರು, ಇಬ್ಬರು ತೀರಿಕೊಂಡಿದ್ದರು. ಮಸ್ತಾನಸಾಬನೊಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಅಲ್ಲೇ ಇದ್ದರು. ಕೆಲವರು ಬೈದರು. ಒಬ್ಬಳು ಮುದುಕಿ ಏನೂ ಅರ್ಥವಾಗದೆ ಚಹಾ ಕೊಟ್ಟಳು. ಅದು ಬೈಗುಳಕ್ಕಿಂತ ಕಷ್ಟವಾಯಿತು. ಹಿದಾಯತ್ ಲಾರಿ ಡ್ರೈವರ್. ಎಲ್ಲ ಕೇಳಿಸಿಕೊಂಡು, "ನೀವು ಬಂದು ಹೇಳಿದ್ರಿ. ಬರದೆ ಇರೋರು ಎಷ್ಟು ಮಂದಿ ಇರಬೇಕು" ಎಂದು ಬಾಗಿಲು ಹಾಕಿಕೊಂಡ.

ಶ್ರಾವಣ ಕಳೆಯುವ ಹೊತ್ತಿಗೆ ಸುಮೈರಾ ಫೋನು ಮಾಡಿದಳು, ಸೂರಪ್ಪನಿಗಲ್ಲ, ಅವನ ಹೆಂಡತಿ ಯಲ್ಲಕ್ಕನಿಗೆ. ಅಬ್ಬಾನ ಹೊಸ ಓಟರ್ ಕಾರ್ಡು ಬಂತು, ಹರಿಹರದ ವಿಳಾಸಕ್ಕೆ ಎಂದು ತಿಳಿಸಿದಳು. ಮಧ್ಯಾಹ್ನ ರೊಟ್ಟಿ ಬಡಿಸುತ್ತ ಯಲ್ಲಕ್ಕ ಅದನ್ನು ಹೇಳಿದಾಗ ಸೂರಪ್ಪ ತುತ್ತು ಕೈಯಲ್ಲೇ ಹಿಡಿದ.

"ನನ್ನ ಕೇಳಿದ್ನಾ?"

"ಹ್ಞೂಂ, ಕೇಳಿದ್ರಂತೆ" ಎಂದಳು ಯಲ್ಲಕ್ಕ, ಒಲೆಯ ಕಡೆ ತಿರುಗಿ.

ಮೂವತ್ತೈದು ವರ್ಷ ಬಾಳ್ವೆ ಮಾಡಿದ್ದ ಸೂರಪ್ಪನಿಗೆ ಅವಳು ಸುಳ್ಳು ಹೇಳುವ ದನಿ ಗೊತ್ತಿತ್ತು. ಆದರೂ ತಲೆಯಾಡಿಸಿ ರೊಟ್ಟಿ ಮುರಿದ.