ಸಾಲು ತಪ್ಪಿದ ಬಲೆ

ಮೂವತ್ತೇಳನೆಯ ಸಾಲಿನ ಕೊನೆಯ ಗಂಟು ಬಿಗಿದು ಬದರೀನಾಥ ಎದ್ದು ನಿಂತಾಗ, ಅಮೆರಿಕದ ವಾರೆನ್‌ನ ಆ ಚರ್ಚ್ ಹಾಲಿನಲ್ಲಿದ್ದ ಹದಿನೆಂಟು ಹೆಂಗಸರೂ ಬೆರಗಿನಿಂದ ಉಸಿರಾಡುವುದನ್ನೇ ಮರೆತರು. ಅವರಲ್ಲಿ ಹದಿನಾರು ಜನ ಕೇಕ್ ತಿನ್ನುತ್ತಿದ್ದರು ಎನ್ನುವವರೂ ಇದ್ದಾರೆ. ಅಂಥವರ ಮಾತು ಕಟ್ಟಿಕೊಂಡು ಏನಾಗಬೇಕು?

ನೆಲದ ಮೇಲೆ ಇಪ್ಪತ್ತಡಿ ಅಗಲ, ಮೂವತ್ತಡಿ ಉದ್ದದ ಹಳೆಯ ಮೀನುಬಲೆ. ಅದರ ತುಂಬ ಹಸಿರು, ಕಂದು, ಬೂದು ಬಟ್ಟೆಯ ಚೂರುಗಳು. ಉಕ್ರೇನಿನ ಯಾವುದೋ ಕಂದಕದ ಬಾಯಿಗೆ ಹೊದಿಸಿ, ಆಕಾಶದ ಕಣ್ಣಿನಿಂದ ಆರು ಸೈನಿಕರನ್ನು ಮರೆಮಾಡಬೇಕಾದ ಬಲೆ ಅದು. ಉಳಿದವರು ತಮ್ಮ ಬಲೆಗಳಿಗೆ ಒಂದೊಂದು ಚೂರನ್ನೂ ಕೈಗೆ ಬಂದಲ್ಲಿ ಗಂಟು ಹಾಕುತ್ತಿದ್ದರೆ ಬದರೀನಾಥ ಮಾತ್ರ ಚೂರುಗಳನ್ನು ಜೋಡಿ ಜೋಡಿಯಾಗಿ ದಾರದಲ್ಲಿ ಕಟ್ಟಿ, ಮಾಲೆ ಮಾಡಿ, ಆ ಮಾಲೆಗಳನ್ನು ಬಲೆಗೆ ಸಾಲಾಗಿ ಬಿಗಿದಿದ್ದ.

ಮೈಸೂರಿನ ಮಾರ್ಕೆಟ್ಟಿನಲ್ಲಿ ಅವನ ಅಜ್ಜಿ ಹೂ ಕಟ್ಟುತ್ತಿದ್ದವಳು. ಮೊಮ್ಮಗ ಅಮೆರಿಕಕ್ಕೆ ಬಂದು ಲಿವೋನಿಯಾದ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಅಚ್ಚುಗಳನ್ನು ವಿನ್ಯಾಸ ಮಾಡಿದ. ಕೂದಲನ್ನು ಒಂಬತ್ತು ಸೀಳು ಮಾಡಿ, ಒಂಬತ್ತನೆಯದು ದಪ್ಪವಾಯಿತೆಂದು ವಾಪಸು ಕಳಿಸಿದವನು ಅವನು. ಇಷ್ಟು ವರ್ಷವೂ ಅಲ್ಲಿನ ದೇವಸ್ಥಾನದ ಉತ್ಸವಕ್ಕೆ ಮಾಲೆ ಅವನದೇ. ಹೆಂಡತಿ ಪದ್ಮ ಕಟ್ಟಿದ ಮಾಲೆಗಳು ಎಲ್ಲೋ ದಟ್ಟ, ಎಲ್ಲೋ ಬೋಳು. ಮೂವತ್ತೆಂಟು ವರ್ಷಗಳಲ್ಲಿ ಒಂದೂ ದೇವರ ಕೊರಳು ಮುಟ್ಟಿರಲಿಲ್ಲ, ಕಾರಿನ ಕನ್ನಡಿಯವರೆಗೆ ಮಾತ್ರ ಬಡ್ತಿ ಪಡೆದಿದ್ದವು.

ಗಂಡ ಹೆಂಡತಿ ಇಬ್ಬರನ್ನೂ ಈ ಹಾಲಿಗೆ ಎಳೆತಂದವಳು ಅವರ ಬಡಾವಣೆಯಲ್ಲೇ ಮೂರು ಮನೆ ಆಚೆಯಿದ್ದ, ಉಕ್ರೇನಿನಿಂದ ಬಂದ ಹಲೀನಾ. ಎಪ್ಪತ್ತನಾಲ್ಕು ವರ್ಷ ವಯಸ್ಸು, ಇಡೀ ಹಾಲಿಗೆ ಸೇನಾಪತಿ. ಅವಳ ತಂಗಿಯ ಮಗ ಓಸ್ತಾಪ್ ಆ ಆರು ಜನರಲ್ಲಿ ಒಬ್ಬ. ಭಾನುವಾರ ಅವನು ಫೋನ್ ಮಾಡಿದರೆ ಸೋಮವಾರ ಎಲ್ಲರಿಗೂ ವರದಿ. ಯುದ್ಧವೆಂದರೆ ಮುಕ್ಕಾಲು ಪಾಲು ಸನಿಕೆ ಹಿಡಿಯುವ ಕೆಲಸವಂತೆ. ಒದ್ದೆ ಕಾಲುಚೀಲ ಒಣಗಿಸಲು ಹೊಟ್ಟೆಯ ಮೇಲೆ, ಅಂಗಿಯೊಳಗೆ ಇಟ್ಟುಕೊಂಡು ಮಲಗಬೇಕಂತೆ. ಇಲಿಗಳು ರೇಡಿಯೋ ವೈರನ್ನೂ ಬಿಡುವುದಿಲ್ಲವಂತೆ. ಮೀನಿನ ಡಬ್ಬಿಯೊಳಗೆ ರಟ್ಟು ಸುತ್ತಿಟ್ಟು, ಮೇಣ ಸುರಿದು ಹಚ್ಚಿದರೆ ಅದೇ ಒಲೆ, ಅದೇ ಹೀಟರ್, ಅದರ ಮೇಲೇ ಚಹಾ. ತಲೆಯ ಮೇಲೆ ಶತ್ರುವಿನ ಡ್ರೋನುಗಳು ಹಳೇ ಮೊಪೆಡ್ಡಿನಂತೆ ಗುರ್‍ರೆನ್ನುತ್ತ ತಿರುಗುತ್ತವೆ. ಈಗಿನ ಹೊಸವು ಬಾಲದಲ್ಲಿ ಗಾಜಿನ ದಾರ ಬಿಚ್ಚುತ್ತ ಬರುತ್ತವೆ, ಅವುಗಳಿಗೆ ಆಜ್ಞೆ ಹೋಗುವುದು ಆ ದಾರದಲ್ಲೇ, ಯಾವ ರೇಡಿಯೋ ಸಿಗ್ನಲ್ ಕೆಡಿಸಿದರೂ ನಿಲ್ಲುವುದಿಲ್ಲ. ಆ ದಾರಗಳು ಬಿದ್ದು ಬೆಳಗಿನ ಇಬ್ಬನಿಯಲ್ಲಿ ಹೊಲಗಳೆಲ್ಲ ಜೇಡರಬಲೆ ಕಟ್ಟಿದಂತೆ ಮಿನುಗುತ್ತವೆ. ಹಗಲು ಮೂತ್ರಕ್ಕೂ ಯಾರೂ ಹೊರಗೆ ಹೋಗುವುದಿಲ್ಲ. ಹೋದ ವಾರ ಅವರ ಬಲೆ ಸುಟ್ಟುಹೋಗಿತ್ತು. ಅಂದು ನಾಲ್ಕು ಗಂಟೆಗೆ ಹೊರಡುವ ಟ್ರಕ್ಕಿನಲ್ಲಿ ಹೊಸದು ಹೋಗಲೇಬೇಕಿತ್ತು.

ಹಲೀನಾ ಮೆಟ್ಟಿಲು ಹತ್ತಿ ಪ್ರಾರ್ಥನೆಯ ಗಾಯಕರು ನಿಲ್ಲುವ ಬಾಲ್ಕನಿಯಿಂದ ಕೆಳಗೆ ನೋಡಿದಳು. ಹೊಗಳಿಕೆಯನ್ನು ಬೇಡವೆನ್ನಲು ಬದರೀನಾಥ ಅಂಗೈ ಅರ್ಧ ಎತ್ತಿಯೂ ಆಗಿತ್ತು.

"ಇದು ಕಾರ್ಪೆಟ್, ಬದ್ರಿ," ಎಂದಳು. "ಕಾಡಿನಲ್ಲಿ ಸಾಲು ಇರುವುದಿಲ್ಲ."

ಅವನ ಮೂಗಿನ ತುದಿಗೆ ಬಂದ ಕೋಪಕ್ಕೆ ಹಾಲಿನ ತಾಪಮಾನ ಹತ್ತು ಡಿಗ್ರಿ ಏರಿತು. ಬಾಲ್ಕನಿಯಿಂದ ಏನು ತಿಳಿಯುತ್ತದೆ, ನಿಜವಾದ ಡ್ರೋನಿನಿಂದಲೇ ನೋಡೋಣ ಎಂದು ಮಗಳು ನಿಹಾರಿಕಾಳಿಗೆ ಫೋನ್ ಮಾಡಿದ. ಅವಳದು ಮನೆ ಮಾರುವ ಕೆಲಸ. ಮೇಲಿನಿಂದ ಮನೆಗಳ ಫೋಟೋ ತೆಗೆಯುವ ಡ್ರೋನು ಕಾರಿನಲ್ಲೇ ಇರುತ್ತಿತ್ತು, ಕೂಡಲೇ ಬಂದಳು. ಚರ್ಚಿನ ಹಿಂದಿನ ಪೊದೆಗಳ ನಡುವೆ ಎರಡು ಬಲೆ ಹಾಸಿದರು, ಇವನದೊಂದು, ಹೆಂಗಸರು ಮೊದಲೇ ಕಟ್ಟಿಟ್ಟಿದ್ದ ಪುಟ್ಟದೊಂದು. ಡ್ರೋನು ಮುನ್ನೂರು ಅಡಿ ಏರಿತು. ಪುಟ್ಟ ಬಲೆ ಎಲ್ಲಿದೆಯೆಂದು ಹುಡುಕುವುದಕ್ಕೆ ನಿಹಾರಿಕಾಳಿಗೆ ಎರಡು ನಿಮಿಷ ಬೇಕಾಯಿತು. ಅಪ್ಪನದನ್ನು ಹುಡುಕಬೇಕಾಗಿಯೇ ಇರಲಿಲ್ಲ. ಅರಮನೆಯ ದರ್ಬಾರಿಗೆ ಹಾಸಿದ ಜಮಖಾನದ ಹಾಗೆ, ಅಂಚು ಸಮೇತ, ಅವಳ ಫೋನಿನ ತೆರೆಯ ನಟ್ಟನಡುವೆ ಕೂತಿತ್ತು.

"ಡ್ಯಾಡ್," ಎಂದಳು ಅವಳು ಮೆಲ್ಲಗೆ, "ಐ ಕುಡ್ ಸೀ ದಿಸ್ ಫ್ರಮ್ ಒಹಾಯೊ." ಒಹಾಯೊ ಎಂದರೆ ಪಕ್ಕದ ರಾಜ್ಯ.

ಬದರೀನಾಥ ತೆರೆಯನ್ನು ಬಹಳ ಹೊತ್ತು ನೋಡಿದ. ಆ ಜಮಖಾನದ ಅಡಿಯಲ್ಲಿ, ಹೊಟ್ಟೆಯ ಮೇಲೆ ಕಾಲುಚೀಲ ಇಟ್ಟುಕೊಂಡ ಆರು ಜನ. ಗಂಟೆ ಎರಡಾಗಿತ್ತು.

ಒಳಗೆ ಬಂದು ಕತ್ತರಿ ತೆಗೆದುಕೊಂಡ. ಹೂಮಾಲೆಯ ಗಂಟಿನ ಗುಣವೇ ಹಾಗೆ, ದಾರದ ತುದಿ ಕತ್ತರಿಸಿ ಎಳೆದರೆ ಎಲ್ಲವೂ ಉದುರುತ್ತದೆ. ನಾಲ್ಕು ದಿನಗಳ ಕೆಲಸ ಇಪ್ಪತ್ತು ನಿಮಿಷದಲ್ಲಿ ಮೊಣಕಾಲೆತ್ತರದ ಗುಡ್ಡೆಯಾಯಿತು. ಅವನು ಕುಳಿತು, ಸಾಲಿಲ್ಲದೆ ಕಟ್ಟತೊಡಗಿದ. ಪದ್ಮ ಹಿಂದೆ ನಿಂತು ಸ್ವಲ್ಪ ಹೊತ್ತು ನೋಡಿದಳು.

"ರೀ, ಎರಡು ಗಿಡ್ಡ ಒಂದು ಉದ್ದ, ಎರಡು ಗಿಡ್ಡ ಒಂದು ಉದ್ದ. ಇದ್ರಲ್ಲೂ ಡಿಸೈನ್ ಮಾಡ್ತಿದೀರ."

ಬಿಚ್ಚಿದ. ಮತ್ತೆ ಕಟ್ಟಿದ. ಈ ಸಲ ಹಸಿರು, ಕಂದು, ಕಂದು, ಹಸಿರು. ದೇವರಾಣೆಗೂ ಅವನು ಬೇಕೆಂದು ಮಾಡಿದ್ದಲ್ಲ, ಬೆರಳುಗಳೇ ಹಾಗೆ ಓಡಿದವು. ಆಗ ಹಲೀನಾ ಬಲೆಯ ದೂರದ ಮೂಲೆಯೊಂದನ್ನು ಚಪ್ಪಲಿಯಿಂದ ತೋರಿಸಿ, ಹೀಗಿರಬೇಕು, ಇದು ಪೊದೆ, ಎಂದಳು. ಅದು ಅವನು ಬಿಚ್ಚಿ ಕಟ್ಟುವಷ್ಟರಲ್ಲಿ ಪದ್ಮ ಕಟ್ಟಿದ್ದ ಮೂಲೆ. ಎಲ್ಲೋ ದಟ್ಟ, ಎಲ್ಲೋ ಬೋಳು.

ಹಾಲಿನಲ್ಲಿ ಯಾರೂ ನಗಲಿಲ್ಲ. ಕನ್ನಡ ಬಲ್ಲವರು ಇಬ್ಬರೇ ಇದ್ದರೂ ಏನಾಗುತ್ತಿದೆಯೆಂಬುದು ಹದಿನೆಂಟು ಜನರಿಗೂ ಹೇಗೋ ತಿಳಿದಿತ್ತು.

"ಹೇಗೆ ಕಟ್ತೀಯ ನೀನು?" ಎಂದು ಬದರೀನಾಥ ಕೇಳಿದ. ಮದುವೆಯಾದಾಗಿನಿಂದ ಮೊದಲ ಸಲ.

"ನಂಗೇನ್ ಗೊತ್ತು. ಏನೋ ಯೋಚ್ನೆ ಮಾಡ್ತಿರ್ತೀನಿ, ಕೈ ಕಟ್ತಿರತ್ತೆ."

"ಏನ್ ಯೋಚ್ನೆ?"

"ನಿಮ್ಮನ್ನ ಬೈಕೋತಿರ್ತೀನಿ," ಎಂದಳು ಪದ್ಮ. "ಆ ಗುಡ್ಡೆಯಿಂದ ಕಣ್ಮುಚ್ಕೊಂಡು ಎಳೆದ್ ಕೊಡಿ. ಬಣ್ಣ ನೋಡ್ಬೇಡಿ."

ಅವನು ಕಣ್ಣು ಮುಚ್ಚಿಕೊಂಡ. ಕೈಗೆ ಸಿಕ್ಕಿದ್ದನ್ನು ಕೊಟ್ಟ. ಅವಳು ಕಟ್ಟಿದಳು, ನಡುನಡುವೆ ತುಟಿ ಅಲುಗುತ್ತಿತ್ತು. ಉಳಿದವರೂ ಬಂದು ಬಲೆಯ ಸುತ್ತ ಕುಳಿತರು. ಆ ಒಂದೂಕಾಲು ಗಂಟೆಯಲ್ಲಿ ಮೂವತ್ತೆಂಟು ವರ್ಷಗಳ ಬೈಗುಳವೆಲ್ಲ ಆ ಬಲೆಗೆ ಹೋಯಿತೆಂದರೆ ಅತಿಶಯೋಕ್ತಿಯಲ್ಲ. ಸ್ವಲ್ಪ ಮಿಕ್ಕಿಯೂ ಇತ್ತಂತೆ. ನಾಲ್ಕಕ್ಕೆ ಐದು ನಿಮಿಷವಿರುವಾಗ ಸುತ್ತಿ ಟ್ರಕ್ಕಿಗೆ ಎಸೆದರು. ಮೇಲಿನಿಂದ ನೋಡಲು ಸಮಯವಿರಲಿಲ್ಲ.

ಆರು ವಾರ ಬದರೀನಾಥನ ಊಟ ಅರ್ಧವಾಯಿತು. ಎಲ್ಲಾದರೂ ಒಂದು ಸಾಲು ಉಳಿದುಹೋಯಿತೆ ಎಂದು ಬೆಳಗಿನ ವಾಕಿನಲ್ಲಿ ಪೊದೆ ಕಂಡಲ್ಲೆಲ್ಲ ನಿಂತು ನೋಡುತ್ತಿದ್ದ.

ಒಂದು ಸೋಮವಾರ ಹಲೀನಾ ಮನೆಗೇ ಬಂದಳು. ಆರು ಜನವೂ ಕ್ಷೇಮ, ಈಗ ಬಲೆಯ ಕೆಳಗೆ ಕೂತೇ ಚಹಾ ಕುಡಿಯುತ್ತಾರೆ ಎಂದು ಹೇಳಿ, ಓಸ್ತಾಪ್ ತಮ್ಮದೇ ಡ್ರೋನಿನಿಂದ ತೆಗೆದು ಕಳಿಸಿದ್ದ ಫೋಟೋ ತೋರಿಸಿದಳು. ಅದರಲ್ಲಿ ಬಲೆ ಎಲ್ಲಿದೆಯೆಂದು ಅವನು ಹೇಳಿರಲಿಲ್ಲ, ಅವಳಿಗೂ ಸಿಕ್ಕಿರಲಿಲ್ಲ.

ಬದರೀನಾಥ ಕನ್ನಡಕ ಒರೆಸಿಕೊಂಡು, ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸುತ್ತ ಎಡಗಡೆಯಿಂದ ಶುರುಮಾಡಿದ. ಸುಟ್ಟ ಮರ. ಕೆಸರಿನ ದಾರಿ. ಒಂದು ಪೊದೆ, ಅದರ ಪಕ್ಕ ಇನ್ನೊಂದು ಪೊದೆ, ಅದರಾಚೆ ಹುಲ್ಲು. ಬಲತುದಿ ಮುಟ್ಟಿದವನು, ಪದ್ಮಳಿಗೂ ಕಾಣುವಂತೆ ಫೋನನ್ನು ಸ್ವಲ್ಪ ಓರೆ ಮಾಡಿ, ಮತ್ತೆ ಎಡಗಡೆಯಿಂದ ನೋಡತೊಡಗಿದ.