ಕುರ್ಚಿ ಬಿಟ್ಟು ಡೊಳ್ಳು ಕಟ್ಟಿದ ಮಾಯಾ

ಮುಧೋಳದ ಹತ್ತಿರದ ಒಂದು ಸಕ್ಕರೆ ಕಾರ್ಖಾನೆಯ ಆಫೀಸಿನಲ್ಲಿ ಮಾಯಾಳನ್ನು ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸಿದರು. ಚಹಾ ಕೊಟ್ಟರು. ಮ್ಯಾನೇಜರು ಫ್ಯಾನಿನ ಕೆಳಗಿದ್ದ ಕುರ್ಚಿ ತೋರಿಸಿ, "ಇದ ನೋಡವ್ವ ನಿನ್ನ ಜಾಗಾ. ಸೋಮವಾರ ಬಂದಬಿಡು," ಎಂದರು. ಕೆಲಸಕ್ಕೆ ಮಾತಾಡಿದ್ದವನು ಅದೇ ಆಫೀಸಿನ ಹಳಬ, ಮಾಯಾಳ ಸೋದರಮಾವ ದಶರಥ. ಅವನು ಬಾಗಿಲಲ್ಲಿ ನಿಂತು ಮೀಸೆ ತೀಡುತ್ತಿದ್ದ.

ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತಿದ್ದ ಹುಡುಗಿಗೆ ಇದಕ್ಕಿಂತ ಒಳ್ಳೆಯದು ಇನ್ನೇನು ಬೇಕು? ಮಾಯಾ 'ಹೂಂ' ಎನ್ನಬೇಕೆಂದೇ ಬಾಯಿ ತೆರೆದಳು.

"ಬ್ಯಾಡ್ರಿ ಸರ್."

ಹಾಗೆಂದದ್ದು ತಾನೇ ಎಂದು ತಿಳಿಯಲು ಅವಳಿಗೂ ಒಂದು ಗಳಿಗೆ ಹಿಡಿಯಿತು.

"ಮತ್ತೇನ ಮಾಡಾಕಿ?" ಮ್ಯಾನೇಜರು ಸಿಟ್ಟಾಗಲಿಲ್ಲ, ಕುತೂಹಲದಿಂದ ಕೇಳಿದರು.

"ಡೊಳ್ಳಿನ ಹಾಡು ಹಾಡ್ತೇನ್ರಿ. ನಮ್ಮ ಬೀರಪ್ಪನ ಹಾಡು."

"ಛಲೋ ಆತು. ಹೊಟ್ಟಿಗೆ?"

"ಅದಿನ್ನಾ ಗೊತ್ತಿಲ್ರಿ," ಎಂದವಳಿಗೆ ನಗು ಬಂದುಬಿಟ್ಟಿತು. ತಡೆಯಲು ಹೋದಷ್ಟೂ ಉಕ್ಕಿತು. ಕೈಮುಗಿದು ಓಡಿ ಹೊರಗೆ ಬಂದಳು.

ದಶರಥ ಅವಳನ್ನು ಬೈಕಿನ ಮೇಲೆ ಕೂರಿಸಿಕೊಂಡು ಸಾವಳಗಿಯ ದಾರಿ ಹಿಡಿದ. ಜಮಖಂಡಿ ಬರುವವರೆಗೂ ಹಿಂದೆ ಕೂತವಳ ಮೈ ಕುಲುಕುತ್ತಲೇ ಇತ್ತು. ಕೊನೆಗೆ ಗಾಡಿ ನಿಲ್ಲಿಸಿ ತಿರುಗಿದ.

"ಅಳಾಕತ್ತಿಯೋ ನಗಾಕತ್ತಿಯೋ?"

"ನಗಾಕತ್ತೇನಿ ಮಾವ. ಸಿಟ್ಟಾಗಬ್ಯಾಡ. ಹೆದರಿಕಿನೂ ಆಗೇತಿ."

ಡೊಳ್ಳಿನ ಹಾಡಿನ ಬಗ್ಗೆ ಅವಳು ಹೇಳಿದ್ದು ಖರೆ. ತಂದೆ ಸಿದರಾಯ ಸಾವಳಗಿಯ ಡೊಳ್ಳಿನ ಮೇಳದ ಮುಂದಾಳು. ಅವನ ಪಕ್ಕದಲ್ಲಿ ಕೂತು ಕೂತೇ ಅವಳಿಗೆ ಹಾಡುಗಳು ಬಾಯಿಗೆ ಬಂದಿದ್ದವು. ನೌಕರಿಯ ಚಿಂತೆ ಶುರುವಾದಾಗಿನಿಂದ ದಿನವೂ ಮನೆದೇವರು ಬೀರಪ್ಪನ ಗುಡಿಗೆ ಹೋಗಿ, ದಾರಿ ತೋರಿಸಪ್ಪಾ ಎಂದು ಬೇಡಿಕೊಂಡಿದ್ದಳು. ಉತ್ತರವೇನೂ ಬರಲಿಲ್ಲ. ಆದರೆ ಅವನ ಮುಂದೆ ಹಾಡುವಾಗ ಮಾತ್ರ ನಾಳೆಯ ಭಯ ಅವಳ ಹತ್ತಿರ ಸುಳಿಯುತ್ತಿರಲಿಲ್ಲ.

ಮನೆಯಲ್ಲಿ ಅವ್ವ ಸತ್ಯವ್ವ ತಲೆಯ ಮೇಲೆ ಕೈಹೊತ್ತು ಕೂತಳು.

"ಓಣಿಗೆಲ್ಲಾ ಪೇಡೆ ಹಂಚೇನಿ! ತಿಂದ ಪೇಡೆ ಹೆಂಗ ಹೊಳ್ಳಿ ಕೇಳ್ಲಿ?"

"ಅಕಿ ಬ್ಯಾಡ ಅಂದಾಳ, ಆತು ಬಿಡು," ಎಂದ ಸಿದರಾಯ.

"ನೀವು ಸುಮ್ನಿರ್ರಿ. ದೇವರನ್ನ ಕೇಳೂನು. ಬಲಗಡೆ ಹೂ ಕೊಟ್ಟರ ನೌಕರಿ, ಎಡಗಡೆ ಕೊಟ್ಟರ ಡೊಳ್ಳು. ನಡಿಯ ಬೇ!"

ಗುಡಿಯಲ್ಲಿ ಪೂಜಾರಿ ಮಾಳಿಂಗರಾಯ ದೇವರ ಎರಡೂ ಭುಜದ ಮೇಲೆ ಒದ್ದೆ ಮಾಡಿದ ಹೂ ಅಂಟಿಸಿದ. ಮೂರ್ತಿ ಮೊಣಕಾಲೆತ್ತರದ್ದು. ಸುದ್ದಿ ತಿಳಿದು ಪೇಡೆ ತಿಂದವರೆಲ್ಲ ಬಂದು ಸೇರಿದ್ದರು. ಯಾವ ಹೂ ಮೊದಲು ಬೀಳುತ್ತದೋ ಎಂದು ಎಲ್ಲರೂ ಹೂಗಳನ್ನೇ ನೋಡಿದರು. ಹೂ ಅಲುಗಲಿಲ್ಲ. ಸತ್ಯವ್ವ ಕಣ್ಣುಮುಚ್ಚಿ ಮತ್ತೆ ಮತ್ತೆ ಬೇಡಿಕೊಂಡಳು.

ಅಷ್ಟರಲ್ಲಿ ಹರಕೆಗೆಂದು ಗುಡಿಗೆ ಬಿಟ್ಟ ಕುರಿಮರಿಯೊಂದು ಜನರ ಕಾಲ ಸಂದಿಯಿಂದ ನುಸುಳಿ ಬಂತು. ಬಲಗಡೆಯ ಹೂ ತಿಂದಿತು. ಎಡಗಡೆಯದನ್ನೂ ತಿಂದಿತು. ಸಾಲದೆಂಬಂತೆ ಪೂಜಾರಿಯ ಬುಟ್ಟಿಗೆ ಬಾಯಿ ಹಾಕಿತು.

"ಇದಕ್ಕ ನಾ ಏನ ಅರ್ಥಾ ಹೇಳ್ಲಿ?" ಮಾಳಿಂಗರಾಯ ತಲೆ ಕೆರೆದುಕೊಂಡ. "ನಮ್ಮಜ್ಜನೂ ಹೇಳಿಕೊಟ್ಟಿಲ್ಲ!"

ಮೊದಲು ಯಾರು ನಕ್ಕರೋ, ಗುಡಿಗೆ ಗುಡಿಯೇ ನಕ್ಕಿತು. ಬಯ್ಯಲೆಂದು ಬಾಯಿ ತೆರೆದ ಸತ್ಯವ್ವನೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ನಗುತ್ತಲೇ ಅವಳ ಕಣ್ಣು ತುಂಬಿದವು.

ಮಾಯಾ ಅವಳ ಕೈ ಹಿಡಿದಳು. "ಅವ್ವಾ, ನಾ ಹೂ ನಂಬಿ ಬ್ಯಾಡ ಅಂದಿಲ್ಲ. ಅಂವನ್ನ ನಂಬೇನಿ. ನಾಳೆ ಏನೋ ನನಗೂ ಗೊತ್ತಿಲ್ಲ. ಅಂವ ಕೈ ಬಿಡೂದಿಲ್ಲ, ಅಷ್ಟ ಗೊತ್ತು."

"ಬಿಟ್ರ?"

"ಬಿಟ್ರ ಇಲ್ಲೇ ಅಂವನ ಮುಂದ ಕುಂತು ಜಗಳಾ ತಗೀತೇನಿ."

ಸತ್ಯವ್ವ ಮಗಳ ಹಣೆಗೆ ಅರಿಶಿನದ ಭಂಡಾರ ಹಚ್ಚಿದಳು. ಅದೂ ಸಾಲಲಿಲ್ಲವೇನೋ, ಇನ್ನೊಂದು ಮುಷ್ಟಿ ತುಂಬಿ ಅವಳ ನೆತ್ತಿಯ ಮೇಲೆ ಸುರಿದುಬಿಟ್ಟಳು.

ಅಂದಿನಿಂದ ಮಾಯಾ ಓಣಿಯ ಹೆಣ್ಣುಮಕ್ಕಳನ್ನು ಕೂಡಿಸಿ ಮೇಳ ಕಟ್ಟತೊಡಗಿದಳು. ಬೆಳಿಗ್ಗೆ ಹೊಟ್ಟೆಪಾಡಿಗೆಂದು ಹೈಸ್ಕೂಲಿನ ಹುಡುಗಿಯರಿಗೆ ಅವಳಿಂದ ಲೆಕ್ಕದ ಪಾಠ, ಸಂಜೆ ಸಿದರಾಯನಿಂದ ಎಲ್ಲರಿಗೂ ಡೊಳ್ಳಿನ ಪಾಠ. "ಓದಿದ ಹುಡುಗಿ, ನೋಡ್ರಿ ಪಾಪ," ಎಂದು ಮರುಗಿದವರೂ ಇದ್ದರು. ಕೆಲವು ತಿಂಗಳು ಯಾರೂ ಕರೆಯಲಿಲ್ಲ. ಒಮ್ಮೊಮ್ಮೆ ಆ ಫ್ಯಾನಿನ ಗಾಳಿ ಅವಳಿಗೂ ನೆನಪಾಗುತ್ತಿತ್ತು. ಆಗ ಗುಡಿಗೆ ಹೋಗಿ ಒಂದು ಹಾಡು ಹೆಚ್ಚಿಗೆ ಹಾಡಿ ಬರುತ್ತಿದ್ದಳು.

ಮೊದಲ ಕರೆ ಬನಹಟ್ಟಿಯಿಂದ ಬಂತು. ಅಲ್ಲಿಯ ಬೀರಪ್ಪನ ಗುಡಿಯ ಮುಂದೆ ಮಾಯಾ ಹೆದರಿಕೆಗೆ ದನಿಯನ್ನು ಎಷ್ಟು ಎತ್ತರಿಸಿ ಶುರುಮಾಡಿದಳೆಂದರೆ ಹಿಂದಿನವರಿಗೆ ಮುಟ್ಟಲೇ ಆಗಲಿಲ್ಲ. ಒಂದು ಡೊಳ್ಳಿನ ಹಗ್ಗ ಸಡಿಲವಾಯಿತು. ತಾಳ ಹಿಡಿದವಳು ತಪ್ಪಿದಳು. ನೋಡಲು ಬಂದು ಕೂತಿದ್ದ ಸತ್ಯವ್ವನಿಗೆ ತಡೆಯಲಾಗಲಿಲ್ಲ, ಎದ್ದು ಬಂದು ತಾಳ ಕಸಿದುಕೊಂಡು, "ಇಳಿಸಿ ಹಾಡ ಬೇ!" ಎಂದು ಮಗಳಿಗೆ ಗದರಿದಳು. ಹಾಡು ಕೂಡಿಕೊಂಡಿತು. ಡೊಳ್ಳು ಒಂದಾದವು. ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ನೇಕಾರರು ಹೊರಗೆ ಬಂದು ನಿಂತರು. ಭಂಡಾರ ಹಾರಿ ಯಾರ ಮುಖ ಯಾರದೆಂದು ತಿಳಿಯದಾಯಿತು.

ಹಿಂತಿರುಗುವಾಗ ಟೆಂಪೊ ಹಿಪ್ಪರಗಿಯ ಬ್ಯಾರೇಜಿನ ಮೇಲೆ ಬಂತು. ಹೊಳೆಯ ಗಾಳಿಗೆ ಎಲ್ಲರ ಸೀರೆಯಿಂದ ಹಳದಿ ಪುಡಿ ಎದ್ದು, ಮೇಳದ ಜೊತೆ ಬಂದು ಮುಂದೆ ಕೂತಿದ್ದ ದಶರಥನ ಬಿಳಿ ಅಂಗಿಯ ಮೇಲೆಲ್ಲ ಕೂತಿತು.

"ಮುಂದಿನ ಕಾರ್ಯಕ್ರಮ ಯಾವೂರಾಗ?" ಅವನು ಅಂಗಿ ಝಾಡಿಸುತ್ತ ಕೇಳಿದ.

"ಯಾರೂ ಕರದಿಲ್ಲ ಮಾವ," ಎಂದಳು ಮಾಯಾ. ಅದನ್ನು ಕೇಳಿ ಹೆಣ್ಣುಮಕ್ಕಳೆಲ್ಲ ಗೊಳ್ಳೆಂದು ನಕ್ಕರು. ದಶರಥನೂ ನಕ್ಕ. ಸತ್ಯವ್ವ ತಾಳ ತಟ್ಟಿದಳು, ಮಾಯಾ ಹಾಡೆತ್ತಿಕೊಂಡಳು.